ಸಿಗಾರ್ ಇಟ್ಟುಕೊಳ್ಳುವುದು, ಹಚ್ಚುವುದು: ಕಾಸರಗೋಡಿನ ಹವೆಗೆ ತಕ್ಕ ಮಾರ್ಗದರ್ಶಿ

ಸಿಗಾರ್ ಇಟ್ಟುಕೊಳ್ಳುವ ಬಗ್ಗೆ ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಾಗಿ ಚಳಿ ದೇಶದವರು ಬರೆದದ್ದು. ಅಲ್ಲಿ ಚಳಿಗಾಲ ಪೂರ್ತಿ ಮನೆಯೊಳಗೆ ಹೀಟರ್ ಓಡುತ್ತದೆ, ಗಾಳಿ ಒಣಗಿಹೋಗುತ್ತದೆ, ಹಾಗಾಗಿ ಸಿಗಾರಿಗೆ ತೇವ ಕೊಡುವುದು ಹೇಗೆ ಅನ್ನುವುದೇ ಅವರ ತಲೆಬಿಸಿ. ನಮ್ಮದು ಪೂರಾ ಉಲ್ಟಾ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ಇದು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಇಲ್ಲಿ ಸಿಗಾರಿಗೆ ತೇವ ಕೊಡುವುದಲ್ಲ, ತೇವ ತಡೆಯುವುದೇ ಕೆಲಸ. ಅದರ ಜೊತೆಗೆ ಸೆಕೆ, ಸೆಕೆ ಇದ್ದಲ್ಲಿ ಹುಳ.

ದುಬೈಯಿಂದ ಬಂದ ಅಣ್ಣನೋ ಭಾವನೋ ಒಂದು ಪೆಟ್ಟಿಗೆ ಕೊಟ್ಟು ಹೋಗಿದ್ದಾರೆ, ಇನ್ನು ಇದನ್ನು ಏನು ಮಾಡುವುದು ಅಂತ ನೋಡುತ್ತಿರುವವರು ನಮ್ಮ ಕಡೆ ಜಾಸ್ತಿ ಜನ ಇದ್ದಾರೆ. ಅವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಆರೋಗ್ಯದ ಮಾತು. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಹೊಗೆ ಕ್ಷಾರ ಗುಣದ್ದು, ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಹೆಚ್ಚುಕಡಿಮೆ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಇದರಿಂದಲೂ ಬರುತ್ತದೆ. ಸೇದುವ ಅಭ್ಯಾಸವೇ ಇಲ್ಲದವರು ಇದಕ್ಕಾಗಿ ಶುರು ಮಾಡಬೇಕಾಗಿಲ್ಲ. ಸೇದುವುದೇ ಹೌದು ಅಂತಾದರೆ ಅಪರೂಪಕ್ಕೆ ಸೇದಿ, ಮಕ್ಕಳು, ಬಸುರಿಯರು ಇರುವ ಮನೆಯೊಳಗೆ ಬೇಡ. ಕೇರಳದಲ್ಲಿ 1999ರಲ್ಲೇ ಹೈಕೋರ್ಟು ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧಿಸಿತ್ತು, 2008ರ ಅಕ್ಟೋಬರ್ 2ರಿಂದ ಇಡೀ ದೇಶಕ್ಕೆ ಆ ನಿಯಮ ಇದೆ. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಹೋಟೆಲಿನಲ್ಲಾಗಲಿ ಹಚ್ಚುವ ಹಾಗಿಲ್ಲ.

ಪೆಟ್ಟಿಗೆ ಕೈಗೆ ಬಂದ ದಿನ

ಬಂದ ದಿನವೇ ಸೇದುವ ಅವಸರ ಬೇಡ. ಸಿಗಾರನ್ನು ಒಂದೊಂದಾಗಿ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಹೊರಎಲೆಯಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ದುಂಡಗಿನ ತೂತು ಇದೆಯಾ? ಪೆಟ್ಟಿಗೆಯ ತಳದಲ್ಲಿ ಕಂದು ಬಣ್ಣದ ನುಣ್ಣನೆ ಪುಡಿ ಬಿದ್ದಿದೆಯಾ? ಇದ್ದರೆ ಅದು ಹುಳದ ಕೆಲಸ. ಲ್ಯಾಸಿಯೋಡರ್ಮಾ ಅಂತ ಅದರ ಹೆಸರು, ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಜೀರುಂಡೆ. ನಿಮಗೆ ಇದು ಹೊಸದೇನಲ್ಲ. ಮನೆಯಲ್ಲಿ ಒಣಶುಂಠಿ, ಅರಿಶಿನ ಕೊಂಬು, ಕೊತ್ತಂಬರಿ ಹಳೆಯದಾದಾಗ ಕೊರೆದು ಪುಡಿ ಮಾಡುವ ಹುಳಗಳಲ್ಲಿ ಇದೂ ಒಂದು. ಮೊಟ್ಟೆ ಎಲೆಯೊಳಗೆ ಕಣ್ಣಿಗೆ ಕಾಣದ ಹಾಗೆ ಮಲಗಿರುತ್ತದೆ, ಸೆಕೆ 24, 25 ಡಿಗ್ರಿ ದಾಟಿದರೆ ಒಡೆಯಲು ಶುರುವಾಗುತ್ತದೆ. ಚಳಿ ದೇಶದವರು ಇದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳದಿದ್ದರೂ ನಡೆಯುತ್ತದೆ. ನಮ್ಮಲ್ಲಿ ವರ್ಷದ ಯಾವ ತಿಂಗಳಲ್ಲೂ ಕೋಣೆ ಅಷ್ಟು ತಂಪಾಗುವುದಿಲ್ಲ, ಹಾಗಾಗಿ ನಾವು ಬಿಡುವ ಹಾಗಿಲ್ಲ.

ತೂತು ಕಂಡ ಸಿಗಾರನ್ನು ಎಸೆಯಿರಿ. ಉಳಿದದ್ದನ್ನು ಫ್ರೀಜರಿಗೆ ಹಾಕಿ. ಕ್ರಮ ಹೀಗೆ: ಸಿಗಾರುಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿ, ಅದನ್ನು ಇನ್ನೊಂದು ಅಂಥದೇ ಚೀಲದೊಳಗೆ ಹಾಕಿ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ. ಆಮೇಲೆ ಚೀಲ ಬಿಚ್ಚದೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ದಿನ. ಆಮೇಲೆ, ಇನ್ನೂ ಬಿಚ್ಚದೆ, ಕೋಣೆಯಲ್ಲಿ ಒಂದು ದಿನ. ಅವಸರದಲ್ಲಿ ಫ್ರೀಜರಿನಿಂದ ನೇರ ಹೊರಗೆ ತಂದು ಚೀಲ ಬಿಚ್ಚಿದರೆ ನಮ್ಮ ಗಾಳಿಯ ತೇವವೆಲ್ಲ ನೀರಾಗಿ ಎಲೆಯ ಮೇಲೆ ಕೂರುತ್ತದೆ, ಹೊರಎಲೆ ಬಿರಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮಗೆ ಮಾಮೂಲು ಅಲ್ವಾ, ರಾತ್ರಿಯಿಡೀ ಕರೆಂಟ್ ಇಲ್ಲದೆ ಫ್ರೀಜರಿನ ಮಂಜು ಕರಗಿಹೋಗಿದ್ದರೆ ಮೂರು ದಿನದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಿರಿ.

ತರುವವರಿಗೆ ಒಂದು ಮಾತು. 2016ರ ಬ್ಯಾಗೇಜ್ ನಿಯಮದ ಪ್ರಕಾರ ವಿದೇಶದಿಂದ ಬರುವ ಒಬ್ಬರು ಸುಂಕವಿಲ್ಲದೆ ತರಬಹುದಾಗಿದ್ದದ್ದು 25 ಸಿಗಾರ್. ಮಂಗಳೂರಿಗೋ ಕಣ್ಣೂರಿಗೋ ವಿಮಾನ ಹತ್ತುವ ಮೊದಲು ಈಗಿನ ನಿಯಮ ಏನಿದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಲೈಟರ್ ಮಾತ್ರ ತರಬೇಡಿ ಅನ್ನಿ, ಇಲ್ಲೇ ಸಿಗುತ್ತದೆ.

ಯಾವ ಡಬ್ಬ

ಚಂದದ ಮರದ ಪೆಟ್ಟಿಗೆ, ಅದಕ್ಕೆ ಗಾಜಿನ ಮುಚ್ಚಳ, ಮುಂದೆ ಹಿತ್ತಾಳೆಯ ಮೀಟರ್. ಹ್ಯುಮಿಡಾರ್ ಅಂತ ಮಾರುವುದು ಇದನ್ನೇ. ಹೊಸಬರು ಮೊದಲು ಕೊಳ್ಳುವುದೂ ಇದನ್ನೇ. ಕರಾವಳಿಯಲ್ಲಿ ಇರುವವರು ಮೊದಲ ವರ್ಷ ಇದನ್ನು ಕೊಳ್ಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಡಿಮೆ ಬೆಲೆಯ ಮರದ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಒಣ ಊರಿನಲ್ಲಿ ಆ ಸಂದಿಯಿಂದ ತೇವ ಹೊರಗೆ ಹೋಗುತ್ತದೆ, ಅವರು ಮತ್ತೆ ನೀರು ಹಾಕುತ್ತಾರೆ, ಕೆಲಸ ಮುಗಿಯಿತು. ನಮ್ಮಲ್ಲಿ ಜುಲೈಯಲ್ಲಿ ಹೊರಗಿನ ತೇವಾಂಶ ಶೇಕಡಾ 90ರ ಹತ್ತಿರ ಇರುವಾಗ ಅದೇ ಸಂದಿಯಿಂದ ತೇವ ಒಳಗೆ ಬರುತ್ತದೆ. ಮರವೂ ಹೀರಿಕೊಂಡು ಉಬ್ಬುತ್ತದೆ. ಆಮೇಲೆ ಅದನ್ನು ಇಳಿಸುವುದು ದೊಡ್ಡ ರಗಳೆ.

ಬೇಕಾಗಿರುವುದು ರಬ್ಬರ್ ಬಳೆ ಇರುವ, ನಾಲ್ಕೂ ಕಡೆ ಕ್ಲಿಪ್ ಹಾಕಿ ಮುಚ್ಚುವ ಪ್ಲಾಸ್ಟಿಕ್ ಡಬ್ಬ. ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಹೊಸತೇ ಆಗಬೇಕು, ಉಪ್ಪಿನಕಾಯಿಯೋ ಮಸಾಲೆಯೋ ಹಾಕಿಟ್ಟ ಡಬ್ಬ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ಸಿಗಾರ್ ಆ ವಾಸನೆಯನ್ನು ಎಳೆದುಕೊಳ್ಳುತ್ತದೆ. ಸೋಪಿನ ವಾಸನೆಯೂ ಉಳಿಯಬಾರದು. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮುಚ್ಚಳ ತೆಗೆದು ಎರಡು ದಿನ ಬಿಡಿ. ಮುಚ್ಚಳ ಗಟ್ಟಿಯಾ ಅಂತ ನೋಡಲು ಒಳಗೆ ಒಂದು ಒಣ ಟಿಶ್ಯೂ ಕಾಗದ ಇಟ್ಟು ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಕಾಗದ ಒದ್ದೆಯಾಗದಿದ್ದರೆ ಆ ಡಬ್ಬ ಆಗಬಹುದು.

ಒಳಗೆ ಮರದ ಪರಿಮಳ ಬೇಕು ಅನ್ನುವವರು ಸಿಗಾರ್ ಪೆಟ್ಟಿಗೆಯಲ್ಲಿ ಬರುವ ತೆಳ್ಳಗಿನ ಹಲಗೆಯನ್ನೇ ಡಬ್ಬದ ತಳಕ್ಕೆ ಹಾಕಬಹುದು. ಸ್ಪ್ಯಾನಿಷ್ ಸೀಡರ್ ಅನ್ನುವ ಆ ಮರ ಅಸಲಿಗೆ ಸೀಡರ್ ಅಲ್ಲ, ಮಹಾಗನಿ ಕುಟುಂಬದ್ದು. ನಮ್ಮ ಘಟ್ಟದ ಗಂಧಗರಿಗೆ ಮರ ಅದಕ್ಕೆ ಹತ್ತಿರದ ಸಂಬಂಧಿ, ಹಿಂದೆ ಸಿಗಾರ್ ಪೆಟ್ಟಿಗೆಗೆ ಇದನ್ನೂ ಬಳಸುತ್ತಿದ್ದರು. ಪಾಲಿಶ್ ಹಾಕದ ಒಣ ತುಂಡು ಬಡಗಿಯ ಹತ್ತಿರ ಸಿಕ್ಕಿದರೆ ಒಳ್ಳೆಯದೇ. ಕರ್ಪೂರ, ನುಸಿಗುಳಿಗೆ, ಲವಂಗ ಇಂಥದ್ದನ್ನು ಹುಳಕ್ಕೆ ಅಂತ ಡಬ್ಬದೊಳಗೆ ಹಾಕಲೇಬೇಡಿ.

ಇನ್ನು ತೇವ ಹಿಡಿತದಲ್ಲಿ ಇಡುವುದಕ್ಕೆ. ಮಾತ್ರೆ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. ಸಾಕಾಗುವುದಿಲ್ಲ. ಹಲಸಿನ ಹಪ್ಪಳಕ್ಕಾದರೆ ಎಷ್ಟು ಒಣಗಿದರೂ ಒಳ್ಳೆಯದೇ, ಸಿಗಾರ್ ಹಾಗಲ್ಲ, ಸಿಲಿಕಾ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದೆ ಎಳೆಯುತ್ತಲೇ ಹೋಗಿ ಹೊರಎಲೆಯನ್ನು ಪಟಪಟ ಒಡೆಯುವ ಹಾಗೆ ಮಾಡುತ್ತದೆ. ಬೇಕಾದದ್ದು ಎರಡೂ ಕಡೆ ಕೆಲಸ ಮಾಡುವ ಪ್ಯಾಕೆಟ್. ಬೊವೇಡಾ ಅಂತ ಹೆಸರು ಮಾಡಿದ್ದು ಇದೆ. ಒಳಗೆ ಉಪ್ಪಿನ ದ್ರಾವಣ, ಮೇಲೆ ಆವಿ ಮಾತ್ರ ದಾಟುವ ಪೊರೆ. ತೇವ ಜಾಸ್ತಿಯಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಪ್ಯಾಕೆಟಿನ ಮೇಲೆ 62, 65, 69, 72 ಅಂತ ಸಂಖ್ಯೆ ಇರುತ್ತದೆ. ಡಬ್ಬದೊಳಗಿನ ತೇವಾಂಶವನ್ನು ಆ ಶೇಕಡಾದಲ್ಲಿ ನಿಲ್ಲಿಸುತ್ತದೆ ಅಂತ ಅರ್ಥ. ಪುಸ್ತಕದ ಲೆಕ್ಕ 65ರಿಂದ 70, ಆದರೆ ಅದು 18ರಿಂದ 21 ಡಿಗ್ರಿ ತಂಪಿಗೆ ಹೇಳಿದ್ದು. ನಮ್ಮ ಕೋಣೆ ಮಳೆಗಾಲದಲ್ಲೂ 28 ಇರುತ್ತದೆ, ಏಪ್ರಿಲಿನಲ್ಲಿ 33 ದಾಟುತ್ತದೆ. ಅಷ್ಟು ಸೆಕೆಯಲ್ಲಿ 70 ಇಟ್ಟರೆ ಬೂಷ್ಟಿಗೆ ಹಬ್ಬ. ಹಾಗಾಗಿ 62 ಅಥವಾ 65 ತೆಗೆದುಕೊಳ್ಳಿ, 72ರ ಹತ್ತಿರ ಹೋಗಬೇಡಿ. 25 ಸಿಗಾರ್ ಹಿಡಿಯುವ ಡಬ್ಬಕ್ಕೆ 60 ಗ್ರಾಮಿನದು ಒಂದು ಸಾಕು, ಮಳೆಗಾಲಕ್ಕೆ ಎರಡು ಇರಲಿ.

ಪ್ಯಾಕೆಟ್ ಮುಗಿದದ್ದು ಗೊತ್ತಾಗುವುದು ಅದು ಗಟ್ಟಿಯಾದಾಗ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅದು ಗಟ್ಟಿಯಾಗುವುದಕ್ಕಿಂತ ನೀರು ಕುಡಿದು ಉಬ್ಬುವುದೇ ಜಾಸ್ತಿ. ಕೈಯಲ್ಲಿ ಹಿಡಿದಾಗ ತೆಳು ನೀರಿನ ಚೀಲದ ಹಾಗೆ ತುಳುಕಿದರೆ ಬದಲಾಯಿಸಿ.

ಮೀಟರನ್ನು ನಂಬುವ ಮೊದಲು

ತೇವಾಂಶ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಮೀಟರ್ ನಾಲ್ಕೈದು ಅಂಕ ಆಚೆ ಈಚೆ ತೋರಿಸುವುದು ಸಾಮಾನ್ಯ, ಹಾಗಾಗಿ ಪರೀಕ್ಷೆ ಮಾಡಿಯೇ ಒಳಗೆ ಇಡಬೇಕು. ಸೋಡಾ ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿಸಿ. ಕೆಲವು ಹನಿ ನೀರು ಹಾಕಿ. ಉಪ್ಪು ಒದ್ದೆ ಮರಳಿನ ಹದಕ್ಕೆ ಬರಬೇಕು, ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಚೀಲದೊಳಗೆ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲ ಬಿಚ್ಚದೆ ನೋಡಿ, 75 ತೋರಿಸಬೇಕು. 79 ತೋರಿಸಿದರೆ ನಿಮ್ಮ ಮೀಟರ್ ನಾಲ್ಕು ಹೆಚ್ಚು ಹೇಳುತ್ತದೆ, ಮುಂದೆ ಯಾವಾಗಲೂ ನಾಲ್ಕು ಕಳೆದು ಓದಿ. ಆ ವ್ಯತ್ಯಾಸವನ್ನು ಮೀಟರಿನ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಬಿಡಿ.

ಮನೆಯಲ್ಲಿ ಎಲ್ಲಿ

ಅಟ್ಟ ಬೇಡ. ಹಂಚಿನ ಮಾಡಿನ ಕೆಳಗೆ ಮಧ್ಯಾಹ್ನ ಕುದಿಯುತ್ತದೆ. ಅಡುಗೆಮನೆ ಬೇಡ, ಅಡಿಕೆ ಕರಿಮೆಣಸು ಇಟ್ಟ ಕೋಣೆಯೂ ಬೇಡ. ಕೆಂಪುಕಲ್ಲಿನ ಹಳೆ ಮನೆಯಾದರೆ ಬಿಸಿಲು ಬೀಳದ ನಡುಕೋಣೆಯಲ್ಲಿ ಮರದ ಕಪಾಟಿನ ಕೆಳಗಿನ ಅಂಕಣ ಒಳ್ಳೆಯ ಜಾಗ. ಟಾರಸಿ ಮನೆಯಾದರೆ ಕೆಳಗಿನ ಅಂತಸ್ತು. ಕಪಾಟಿನ ಹಿಂದಿನ ಗೋಡೆ ಮಳೆಗೆ ಒದ್ದೆಯಾಗುತ್ತದಾ ಅಂತ ಕೈಯಿಟ್ಟು ನೋಡಿ. ಏಸಿ ಕೋಣೆ ಒಳ್ಳೆಯದು ಅನ್ನಿಸುತ್ತದೆ, ಆದರೆ ರಾತ್ರಿ ಮಾತ್ರ ಏಸಿ ಹಾಕಿ ಹಗಲು ಬಿಡುವ ಕೋಣೆಯಲ್ಲಿ ಡಬ್ಬ ದಿನಾ ತಂಪಾಗಿ ಬಿಸಿಯಾಗಿ ಆಗುತ್ತಿರುತ್ತದೆ, ಅದು ಒಳ್ಳೆಯದಲ್ಲ. ಅಲ್ಲೇ ಇಡಬೇಕಾದರೆ ಡಬ್ಬವನ್ನು ಹೊಸ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಡಿ. ಮೀನು ಬಂದ ಪೆಟ್ಟಿಗೆ ಬೇಡವೇ ಬೇಡ. ಫ್ರಿಜ್ಜೂ ಬೇಡ, ಹುಳ ಕೊಲ್ಲುವುದಕ್ಕೆ ಆ ಕೆಲವು ದಿನ ಬಿಟ್ಟರೆ.

ಮುಚ್ಚಳವನ್ನು ಪದೇಪದೇ ತೆಗೆಯುವ ಅಭ್ಯಾಸ ಬಿಡಿ. ಒಣ ದೇಶದವರು ಗಾಳಿ ಆಡಲಿ ಅಂತ ಆಗಾಗ ತೆಗೆಯುತ್ತಾರೆ. ನೀವು ವಾರಕ್ಕೊಮ್ಮೆ, ಮಳೆ ಬಿಟ್ಟ ಮಧ್ಯಾಹ್ನ, ಅಥವಾ ಏಸಿ ಓಡುತ್ತಿರುವ ಕೋಣೆಯಲ್ಲಿ ತೆಗೆದು ಅರ್ಧ ನಿಮಿಷದಲ್ಲಿ ಮುಚ್ಚಿ. ಆಗಲೇ ಮೇಲಿದ್ದದ್ದನ್ನು ಕೆಳಗೆ, ಕೆಳಗಿದ್ದದ್ದನ್ನು ಮೇಲೆ ಮಾಡಿ. ಸಿಗಾರಿಗೆ ಸುತ್ತಿದ ಸೆಲೋಫೇನ್ ಕಾಗದ ಇದ್ದರೆ ಇರಲಿ. ಒಂದಕ್ಕೆ ಬೂಷ್ಟು ಬಂದರೆ ಪಕ್ಕದ್ದಕ್ಕೆ ಅಂಟುವುದು ತಡವಾಗುತ್ತದೆ.

ಹದ ನೋಡುವುದು ಬೆರಳಿನಿಂದ. ಹೆಬ್ಬೆರಳು ತೋರುಬೆರಳಿನ ನಡುವೆ ಸಿಗಾರನ್ನು ಮೆಲ್ಲ ಒತ್ತಿ. ಸ್ವಲ್ಪ ತಗ್ಗಿ ಮತ್ತೆ ಮೇಲೆ ಬಂದರೆ ಸರಿ ಇದೆ. ಒತ್ತಿದಲ್ಲೇ ಮೆತ್ತಗೆ ಉಳಿದರೆ ತೇವ ಜಾಸ್ತಿ. ಚರಚರ ಸದ್ದು ಬಂದರೆ ಒಣಗಿದೆ.

ಬೂಷ್ಟು ಬಂದರೆ

ಬಿಳಿ ಪುಡಿ ಕಂಡರೆ ಅದು ಎಣ್ಣೆ ಹೊರಬಂದು ಕಟ್ಟಿದ್ದು, ಒಳ್ಳೆಯ ಸಿಗಾರಿನ ಗುರುತು ಅಂತ ಹೇಳುವವರು ಇದ್ದಾರೆ. ನಮ್ಮ ಹವೆಯಲ್ಲಿ ಅದನ್ನು ಬೂಷ್ಟು ಅಂತಲೇ ತಿಳಿಯಿರಿ. ಹಸಿರು, ನೀಲಿ, ಕಪ್ಪು ಬಣ್ಣ ಇದ್ದರೆ ಆ ಸಿಗಾರನ್ನು ಎಸೆಯುವುದೇ. ಹಚ್ಚುವ ತುದಿಯಲ್ಲಿ, ಅಂದರೆ ಒಳಗಿನ ಎಲೆ ಕಾಣುವಲ್ಲಿ ಬಿಳಿ ಕಂಡರೂ ಎಸೆಯಿರಿ, ಒಳಗೆ ಹೋಗಿದೆ ಅಂತ ಅರ್ಥ. ಹೊರಎಲೆಯ ಮೇಲೆ ಮಾತ್ರ ಚೂರು ಬಿಳಿ ಇದ್ದರೆ ಕೆಲವರು ಒಣ ಬಟ್ಟೆಯಲ್ಲಿ ಒರೆಸಿ ಇಟ್ಟುಕೊಳ್ಳುತ್ತಾರೆ. ನನ್ನ ಕೇಳಿದರೆ, ಬಾಯಿಗೆ ಇಡುವ ವಸ್ತು, ಅನುಮಾನ ಬಂದರೆ ಎಸೆಯಿರಿ.

ಒಂದು ಕೆಲಸ ಮಾತ್ರ ಮಾಡಬೇಡಿ. ನಮ್ಮ ಮನೆಗಳಲ್ಲಿ ಬೂಷ್ಟಿಗೆ ಒಂದೇ ಮದ್ದು, ಅಂಗಳದಲ್ಲಿ ಬಿಸಿಲಿಗೆ ಹರಡುವುದು. ಅಡಿಕೆ, ಹಾಸಿಗೆ, ಹುಣಸೆಹಣ್ಣು ಎಲ್ಲಕ್ಕೂ ಸರಿ. ಸಿಗಾರನ್ನು ಬಿಸಿಲಿಗೆ ಇಟ್ಟರೆ ಹೊರಎಲೆ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಎಲೆ ಇನ್ನೂ ಉಬ್ಬಿಯೇ ಇರುತ್ತದೆ, ಉದ್ದಕ್ಕೆ ಸೀಳುತ್ತದೆ. ನಿಮ್ಮ ಪೆಟ್ಟಿಗೆ ಮನೆಯವರ ಕಣ್ಣಿಗೆ ಬಿದ್ದು ಅಂಗಳಕ್ಕೆ ಹೋಗುವ ಮೊದಲೇ ಹೇಳಿಟ್ಟುಬಿಡಿ. ತೇವ ಜಾಸ್ತಿಯಾದ ಸಿಗಾರನ್ನು ಸರಿ ಮಾಡುವ ದಾರಿ ಹೊಸ 62ರ ಪ್ಯಾಕೆಟ್ ಹಾಕಿ ಎರಡು ಮೂರು ವಾರ ಮುಟ್ಟದೆ ಬಿಡುವುದು. ಬೂಷ್ಟು ಬಂದ ಡಬ್ಬವನ್ನು ತೊಳೆದು ಒಣಗಿಸಿ ಆಮೇಲೆ ಬಳಸಿ.

ಕತ್ತರಿಸುವುದು

ಮೊದಲ ಸಿಗಾರಿಗೆ ತೆಳು ಬಣ್ಣದ, ಕನೆಕ್ಟಿಕಟ್ ಎಲೆ ಸುತ್ತಿದ, ಮೆದು ರುಚಿಯದ್ದು ಆರಿಸಿ. ಅಳತೆಯಲ್ಲಿ ರೊಬಸ್ಟೋ ಸಾಕು: ಐದು ಇಂಚು ಉದ್ದ, 50 ರಿಂಗ್. ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ 50 ರಿಂಗ್ ಅಂದರೆ ಸುಮಾರು 20 ಮಿಲಿಮೀಟರ್ ದಪ್ಪ. ಇದು ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಪುರುಸೊತ್ತು ಇಲ್ಲದ ದಿನ ಹಚ್ಚಬೇಡಿ.

ಮುಚ್ಚಿದ ತುದಿ ತಲೆ, ತೆರೆದ ತುದಿ ಬುಡ. ತಲೆಯ ಮೇಲೆ ಚಿಕ್ಕ ಎಲೆಯ ಟೊಪ್ಪಿ ಅಂಟಿಸಿರುತ್ತಾರೆ, ಅದರ ಅಂಚಿನ ಗೆರೆ ಹತ್ತಿರದಿಂದ ನೋಡಿದರೆ ಕಾಣುತ್ತದೆ. ಕತ್ತರಿಸಬೇಕಾದದ್ದು ಆ ಗೆರೆಗಿಂತ ಮೇಲೆ, ತುದಿಯಿಂದ ಎರಡು ಮಿಲಿಮೀಟರಿನಷ್ಟು. ಗೆರೆ ದಾಟಿ ಕತ್ತರಿಸಿದರೆ ಹೊರಎಲೆಯನ್ನು ಹಿಡಿದಿಡುವುದು ಏನೂ ಇರುವುದಿಲ್ಲ, ಬಾಳೆಯ ಸಿಪ್ಪೆ ಥರ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟ್ಟರ್ ಕೊಳ್ಳಿ, ಅಗ್ಗದ್ದಾದರೂ ಹೊಸತಿರುವಾಗ ಹರಿತ ಇರುತ್ತದೆ. ಅಳುಕದೆ ಒಂದೇ ಸಲಕ್ಕೆ ಒತ್ತಿ. ಅಡಕತ್ತರಿ ಕೈಗೆ ಸಿಗುತ್ತದೆ ಅಂತ ಅದನ್ನು ಬಳಸಬೇಡಿ. ಅದು ಒಂದೇ ಕಡೆಯಿಂದ ಒತ್ತಿ ಸೀಳುವ ಸಾಧನ, ಸಿಗಾರಿನ ತಲೆ ಜಜ್ಜಿಹೋಗುತ್ತದೆ. ಹಲ್ಲಿನಲ್ಲಿ ಕಚ್ಚುವುದೂ ಬೇಡ. ಕತ್ತರಿಸಿದ ಮೇಲೆ ಹಚ್ಚದೆಯೇ ಒಂದು ಸಲ ಎಳೆದು ನೋಡಿ. ಗಾಳಿ ಸಲೀಸಾಗಿ ಬಂದರೆ ಸಾಕು. ಬಿಗಿ ಅನ್ನಿಸಿದರೆ ಇನ್ನು ಕೂದಲೆಳೆಯಷ್ಟು ಕತ್ತರಿಸಿ.

ಹಚ್ಚುವುದು

ಇದಕ್ಕೆ ಬ್ಯೂಟೇನ್ ಗ್ಯಾಸಿನ ಲೈಟರ್ ಸರಿ. ಪೆಟ್ರೋಲ್ ವಾಸನೆ ಬರುವ ಬತ್ತಿಯ ಲೈಟರ್, ಮೇಣದ ಬತ್ತಿ, ದೀಪ, ಗ್ಯಾಸ್ ಒಲೆ ಇವು ಬೇಡ, ಆ ವಾಸನೆ ಕೊನೆಯವರೆಗೂ ಬಿಡುವುದಿಲ್ಲ. ಬೆಂಕಿಕಡ್ಡಿ ಆಗಬಹುದು, ಆದರೆ ಮದ್ದಿನ ತಲೆ ಪೂರ್ತಿ ಉರಿದು ಕಡ್ಡಿಗೆ ಹತ್ತಿದ ಮೇಲೆ ಹತ್ತಿರ ತನ್ನಿ. ಮಳೆಗಾಲದಲ್ಲಿ ಬೆಂಕಿಪೊಟ್ಟಣವನ್ನೂ ಒಂದು ಮುಚ್ಚಿದ ಡಬ್ಬದಲ್ಲಿ ಇಡಿ. ಸಮುದ್ರದ ಗಾಳಿ ಬೀಸುವ ಜಗಲಿಯಲ್ಲಿ ಕೂತು ಹಚ್ಚುವುದು ಕಷ್ಟ, ಒಂದೇ ಪಕ್ಕ ಹತ್ತುತ್ತದೆ. ಗೋಡೆಯ ಮರೆಗೆ ಬಂದು ಹಚ್ಚಿ, ಆಮೇಲೆ ಬೇಕಾದಲ್ಲಿ ಕೂರಿ.

ಸಿಗರೇಟಿನ ಹಾಗೆ ಬಾಯಲ್ಲಿ ಇಟ್ಟು ಎಳೆಯುತ್ತಾ ಹಚ್ಚುವುದಲ್ಲ. ಮೊದಲು ಬುಡವನ್ನು ಕಾಯಿಸಬೇಕು. ಸಿಗಾರನ್ನು ಕೈಯಲ್ಲಿ ಓರೆಯಾಗಿ ಹಿಡಿದು, ಜ್ವಾಲೆ ಕೆಳಗಿರಲಿ, ಜ್ವಾಲೆಯ ತುದಿ ಎಲೆಗೆ ಮುಟ್ಟಬಾರದು. ಬೆರಳಿನಲ್ಲಿ ನಿಧಾನ ತಿರುಗಿಸುತ್ತಾ ಇರಿ. ಮೊದಲು ಅಂಚು ಕಪ್ಪಾಗುತ್ತದೆ, ತೆಳ್ಳಗೆ ಹೊಗೆ ಏಳುತ್ತದೆ, ಆಮೇಲೆ ಸುತ್ತಲೂ ಸಣ್ಣ ಕೆಂಪು ಗೆರೆ ಕಾಣುತ್ತದೆ. ಅರ್ಧ ನಿಮಿಷವಾದರೂ ಇದಕ್ಕೆ ಕೊಡಿ. ಈಗ ಬಾಯಿಗೆ ಇಟ್ಟು, ಜ್ವಾಲೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, ಮೆಲ್ಲ ಎಳೆಯುತ್ತಾ ತಿರುಗಿಸಿ. ಎರಡು ಮೂರು ಸಲ ಸಾಕು. ಆಮೇಲೆ ಬುಡವನ್ನು ಕಣ್ಣೆದುರು ಹಿಡಿದು ಮೆಲ್ಲ ಊದಿ. ಬೂದಿಯ ಅಡಿಯಲ್ಲಿ ಪೂರ್ತಿ ವೃತ್ತ ಕೆಂಪಾದರೆ ಹಚ್ಚಿದ್ದು ಸರಿ. ಒಂದು ಕಡೆ ಕಪ್ಪು ಉಳಿದಿದ್ದರೆ ಅಲ್ಲಿಗೆ ಮಾತ್ರ ಇನ್ನಷ್ಟು ಬೆಂಕಿ ತೋರಿಸಿ. ಜೆಟ್ ಜ್ವಾಲೆಯ ಲೈಟರ್ ಆದರೆ ಇನ್ನೂ ದೂರ ಹಿಡಿಯಬೇಕು, ಅದು ಎಲೆಯನ್ನು ಕ್ಷಣದಲ್ಲಿ ಸುಟ್ಟು ಕಹಿ ಮಾಡುತ್ತದೆ.

ಇಷ್ಟು ಮಾಡಿಯೂ ಹತ್ತದೆ, ಪದೇಪದೇ ಆರುತ್ತಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲ, ಸಿಗಾರ್ ತೇವ ಕುಡಿದಿದೆ. ಒಂದು ದಿನ ಹೊರಗೆ ಇಟ್ಟು ಒಣಗಿಸಿ ಸೇದಿ ಅನ್ನುವ ಸಲಹೆ ಎಲ್ಲ ಕಡೆ ಇದೆ. ನಮ್ಮಲ್ಲಿ ಜನವರಿಯಲ್ಲಿ ಅದು ಸರಿ, ಜುಲೈಯಲ್ಲಿ ಹೊರಗೆ ಇಟ್ಟರೆ ಇನ್ನೂ ಒದ್ದೆಯಾಗುತ್ತದೆ. ಮತ್ತೆ ಡಬ್ಬಕ್ಕೇ ಹೋಗಬೇಕು.

ಸೇದುವಾಗ

ಬೀಡಿ, ಸಿಗರೇಟು ಅಭ್ಯಾಸ ಇರುವವರಿಗೆ ಹೊಗೆಯನ್ನು ಎದೆಗೆ ಎಳೆಯುವುದು ತಂತಾನೇ ಬರುತ್ತದೆ. ಇಲ್ಲಿ ಹಾಗೆ ಮಾಡಬೇಡಿ, ಬಾಯಲ್ಲಿ ತುಂಬಿಸಿ ಬಿಡಿ, ಅಷ್ಟೇ. ನಿಮಿಷಕ್ಕೆ ಒಂದು ಸಲ ಸಾಕು. ಬೇಗಬೇಗ ಎಳೆದರೆ ಬುಡ ಕೆಂಡವಾಗಿ ಕಹಿಯಾಗುತ್ತದೆ. ಬೂದಿಯನ್ನು ಕುಟ್ಟಬೇಡಿ, ಒಂದು ಇಂಚು ಆಗುವವರೆಗೆ ಬಿಡಿ, ಅದು ಉರಿಯನ್ನು ತಂಪಾಗಿ ಇಡುತ್ತದೆ. ಒಂದು ಪಕ್ಕ ಮಾತ್ರ ಬೇಗ ಉರಿಯುತ್ತಿದ್ದರೆ ಹಿಂದೆ ಬಿದ್ದ ಪಕ್ಕವನ್ನು ಕೆಳಗೆ ಮಾಡಿ ಹಿಡಿಯಿರಿ, ತಾನೇ ಸರಿಯಾಗುತ್ತದೆ. ಆರಿದರೆ ಬೂದಿ ಉದುರಿಸಿ, ಒಳಗಿನ ಹಳೆ ಹೊಗೆ ಹೋಗುವ ಹಾಗೆ ಒಂದು ಸಲ ಹೊರಕ್ಕೆ ಊದಿ, ಮೊದಲಿನ ಹಾಗೇ ಕಾಯಿಸಿ ಹಚ್ಚಿ.

ಹಸಿದ ಹೊಟ್ಟೆಯಲ್ಲಿ ಸೇದಬೇಡಿ. ತಲೆ ಸುತ್ತಿ, ಬೆವತು, ಹೊಟ್ಟೆ ತೊಳಸಿದರೆ ಅದು ನಿಕೋಟಿನ್ ಏರಿದ್ದು. ಅಲ್ಲಿಗೇ ನಿಲ್ಲಿಸಿ, ಗಾಳಿಗೆ ಕೂತು, ನೀರು ಕುಡಿದು, ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಪೂರ್ತಿ ಮುಗಿಸಲೇಬೇಕು ಅಂತ ಏನೂ ಇಲ್ಲ. ಕೊನೆಯ ಮೂರನೇ ಒಂದು ಭಾಗ ಖಾರವಾಗುತ್ತದೆ, ಬಿಟ್ಟುಬಿಡಿ.

ಆರಿಸುವಾಗ ಸಿಗರೇಟಿನ ಹಾಗೆ ಒತ್ತಿ ಹಿಸುಕಬೇಡಿ, ಕೆಟ್ಟ ವಾಸನೆ ಏಳುತ್ತದೆ. ಮಣ್ಣಿನದೋ ಪಿಂಗಾಣಿಯದೋ ತಟ್ಟೆಯಲ್ಲಿ ಇಟ್ಟರೆ ತಾನೇ ಆರುತ್ತದೆ. ಆದರೆ ಅದರ ಹತ್ತಿರದಿಂದ ಏಳಬೇಡಿ, ಸಿಗಾರಿನ ಕೆಂಡ ಬೂದಿಯೊಳಗೆ ತುಂಬ ಹೊತ್ತು ಉಳಿಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಪದವಿನ ಮೇಲೆ ಮುಳಿಹುಲ್ಲು ಕಡ್ಡಿ ಗೀರಿದರೆ ಹತ್ತುವಷ್ಟು ಒಣಗಿರುತ್ತದೆ, ಅಂಗಳದಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಡಲು ರಾಶಿ ಬಿದ್ದಿರುತ್ತದೆ. ಗೇರು ತೋಟದ ಬದಿಯಲ್ಲಂತೂ ಸೇದಲೇಬೇಡಿ. ತುಂಡನ್ನು ನೀರಿನಲ್ಲಿ ಮುಳುಗಿಸಿ ಆಮೇಲೆ ಎಸೆಯಿರಿ. ಅರ್ಧ ಸೇದಿದ್ದನ್ನು ನಾಳೆಗೆ ಅಂತ ಡಬ್ಬಕ್ಕೆ ವಾಪಸ್ ಹಾಕಿದರೆ ಅದರ ಸುಟ್ಟ ವಾಸನೆ ಉಳಿದ ಎಲ್ಲ ಸಿಗಾರಿಗೂ ಹಿಡಿಯುತ್ತದೆ, ಅದನ್ನೂ ಎಸೆಯುವುದೇ.